ಡಾಲ್ಫಿನ್ ಏಳುವ ಜಾಗ

ಯಾದಗಿರಿಯಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಲಗ್ನ, ಕುಬಸ, ತೊಟ್ಟಿಲು, ಪಾಸ್‌ಪೋರ್ಟ್ ಸೈಜಿನ ಫೋಟೊ, ಇವುಗಳಿಂದಲೇ ಮನೆ ನಡೆಯುತ್ತದೆ. ಧನುರ್ಮಾಸ ಬಂತೆಂದರೆ ನಮ್ಮ ಕಡೆ ಲಗ್ನ ನಿಲ್ಲುತ್ತವೆ, ಸ್ಟುಡಿಯೊದಲ್ಲಿ ಕೈ ಖಾಲಿಯಾಗುತ್ತದೆ. ಕಾರವಾರದ ಕಡಲು ಬೆಳಗಿನ ಹೊತ್ತು ಶಾಂತವಾಗಿರುವುದೂ ಅದೇ ದಿನಗಳಲ್ಲಿ. ಹೀಗಾಗಿ ಎಳ್ಳ ಅಮವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ಉಂಡು, ಉಳಿದ ಸಜ್ಜಿ ರೊಟ್ಟಿ ಮತ್ತು ಶೇಂಗಾ ಹಿಂಡಿ ಕಟ್ಟಿಕೊಂಡು ಮರುದಿನ ಬಸ್ಸು ಹತ್ತುವುದು ನನಗೆ ರೂಢಿಯಾಗಿದೆ. ಶಹಾಪುರ, ಸುರಪುರ ದಾಟಿ ಹುಬ್ಬಳ್ಳಿ, ಅಲ್ಲಿಂದ ಯಲ್ಲಾಪುರ, ಅರಬೈಲ್ ಘಾಟ್ ಇಳಿದು ಅಂಕೋಲಾ, ಆಮೇಲೆ ಕಾರವಾರ. ಕಾಡು ಪ್ರಾಣಿಗಳಲ್ಲಿ ನಾನು ಮನಸ್ಸಿಟ್ಟು ಫೋಟೊ ತೆಗೆಯುವುದು ಡಾಲ್ಫಿನ್ ಒಂದನ್ನೇ. ಕಡಲಿಲ್ಲದ ಊರಿನಲ್ಲಿದ್ದು ಅದನ್ನು ಹೇಗೆ ಕಲಿತೆ ಎಂದು ಕೇಳಿದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಸಲ ಹೋದಾಗ ಲಗ್ನಕ್ಕೆ ಬಳಸುವ 70-200 ಲೆನ್ಸ್ ಕುತ್ತಿಗೆಗೆ ಹಾಕಿಕೊಂಡು ದೋಣಿ ಹತ್ತಿದ್ದೆ. ಬೆನ್ನು ಕಂಡ ಕಡೆ ಕ್ಯಾಮೆರಾ ತಿರುಗಿಸುತ್ತಿದ್ದೆ, ಅಷ್ಟರಲ್ಲಿ ಅಲ್ಲಿ ಬರೀ ನೀರು. ಎರಡು ತಾಸಿನಲ್ಲಿ ಆರುನೂರು ಚಿತ್ರ. ಲಾಡ್ಜಿಗೆ ಬಂದು ನೋಡಿದರೆ ಎಲ್ಲದರಲ್ಲೂ ಅಲೆ, ನೊರೆ, ಎಲ್ಲೋ ಒಂದು ಬಾಲದ ತುದಿ. ಮರುದಿನ ದೋಣಿಯವನಿಗೆ ಇನ್ನೂರು ರೂಪಾಯಿ ಹೆಚ್ಚು ಕೊಡುತ್ತೇನೆ, ಹತ್ತಿರ ಒಯ್ಯಿ ಎಂದೆ. ಅಂದು ನಮ್ಮ ಮುಂದೆ ಇದ್ದದ್ದು ಒಂದು ತಾಯಿ, ಅದರ ಪಕ್ಕೆಗೆ ಅಂಟಿದಂತೆ ಈಜುತ್ತಿದ್ದ ಒಂದು ಮರಿ. ಎಂಜಿನ್ ಜೋರಾಯಿತು. ತಾಯಿ ಒಮ್ಮೆ ಬಾಲದಿಂದ ನೀರು ಬಡಿದು ಮುಳುಗಿತು, ಮರಿಯೂ ಮುಳುಗಿತು. ಆಮೇಲೆ ಅರ್ಧ ತಾಸು ಕಾದರೂ ಕಾಣಲಿಲ್ಲ. ಮರಿಗೆ ತಾಯಿಯಷ್ಟು ಹೊತ್ತು ಉಸಿರು ಹಿಡಿಯುವ ಶಕ್ತಿ ಇರುವುದಿಲ್ಲ ಎಂದು ಆಮೇಲೆ ತಿಳಿದುಕೊಂಡೆ. ನಾನು ಕೊಟ್ಟ ಇನ್ನೂರು ರೂಪಾಯಿ ಇವತ್ತಿಗೂ ಚುಚ್ಚುತ್ತದೆ.

ಊರಿಗೆ ಬಂದ ಮೇಲೆ ಕಲಿಸಿದವರು ಭೀಮಾ ನದಿಯಲ್ಲಿ ಬಲೆ ಹಾಕುವ ಒಬ್ಬ ಕಾಕಾ. ನಮ್ಮೂರ ಬದಿಯಲ್ಲೇ ಹೊಳೆ. ಬ್ಯಾರೇಜಿನ ಹಿನ್ನೀರಿನಲ್ಲಿ ಚಳಿಗಾಲದ ಬೆಳಿಗ್ಗೆ ನೀರುಕಾಗೆಗಳು ಮೀನು ಹಿಡಿಯುತ್ತಿರುತ್ತವೆ. ಮುಳುಗುವ ಪ್ರಾಣಿಯ ಫೋಟೊ ಕಲಿಯಲು ಮುಳುಗುವ ಹಕ್ಕಿಯೇ ಸಾಕು ಅನ್ನಿಸಿ ವಾರಕ್ಕೆರಡು ದಿನ ದಂಡೆಗೆ ಹೋಗಿ ಕೂರತೊಡಗಿದೆ. ಅಲ್ಲೂ ಅದೇ ಕಥೆ. ಹಕ್ಕಿ ಮುಳುಗಿದ ಕಡೆಗೇ ಲೆನ್ಸ್ ಹಿಡಿದು ಕೂರುತ್ತಿದ್ದೆ, ಅದು ಹತ್ತು ಮಾರು ಆಚೆ ಏಳುತ್ತಿತ್ತು. ಒಂದಿನ ಕಾಕಾ ತೆಪ್ಪ ದಂಡೆಗೆ ಎಳೆಯುತ್ತಾ ಹೇಳಿದರು: "ಮುಳುಗಿದ ಜಾಗಾ ಏನ್ ನೋಡ್ತಿ ತಮ್ಮಾ? ಅದು ಅಲ್ಲಿ ಏಳಂಗಿಲ್ಲ. ಮುಳುಗೂ ಮುಂದ ಮೂತಿ ಯಾವ ಕಡಿ ಇತ್ತು ಅದನ್ನ ನೋಡು. ಆಮ್ಯಾಲೆ ಎಣಸು."

ಎಣಿಸಿದೆ. ಒಂದೊಂದು ಹಕ್ಕಿಗೂ ಒಂದೊಂದು ಲೆಕ್ಕ ಇತ್ತು. ಒಂದು ಹದಿನೆಂಟು ಎಣಿಸುವಷ್ಟರಲ್ಲಿ ಏಳುವುದು, ಇನ್ನೊಂದು ಇಪ್ಪತ್ತೈದಕ್ಕೆ. ನಾಲ್ಕು ಸಲ ನೋಡಿದರೆ ಐದನೆಯದು ಎಲ್ಲಿ, ಯಾವಾಗ ಎನ್ನುವುದು ಹೆಚ್ಚು ಕಡಿಮೆ ಗೊತ್ತಾಗುತ್ತಿತ್ತು. ಒಂದು ವರ್ಷ ಹೀಗೆ ಕಳೆಯಿತು. ನಡುವೆ ಕಾಕಾ ತೆಪ್ಪದಲ್ಲೂ ಕೂರಿಸಿಕೊಂಡರು. ತೆಪ್ಪ ತಿರುಗುತ್ತದೆ, ಕುಲುಕುತ್ತದೆ. ಅದರೊಳಗೆ ಕುಕ್ಕರಗಾಲಲ್ಲಿ ಕೂತು, ಮೊಣಕೈ ಪಕ್ಕೆಗೆ ಒತ್ತಿ, ಸೊಂಟ ಮಾತ್ರ ಅಲೆಯ ಜೊತೆ ಬಿಟ್ಟು ಫೋಟೊ ತೆಗೆಯುವುದನ್ನು ಕಲಿತವನಿಗೆ ಕಾರವಾರದ ದೋಣಿ ಕಷ್ಟವೆನಿಸುವುದಿಲ್ಲ.

ಹೊಳೆಯ ದಂಡೆಯಲ್ಲಿ ಕ್ಯಾಮೆರಾ ಕಂಡವರೆಲ್ಲ ಕೇಳುವ ಪ್ರಶ್ನೆ, ಡಾಲ್ಫಿನ್ ನಮ್ಮ ಭೀಮಾಕ್ಕೆ ಬರುವುದಿಲ್ಲವೇ ಎಂಬುದು. ಬರುವುದಿಲ್ಲ. ನಮ್ಮ ದೇಶದಲ್ಲಿ ಹೊಳೆಯಲ್ಲೇ ಬಾಳುವ ಡಾಲ್ಫಿನ್ ಹೆಚ್ಚಾಗಿ ಗಂಗಾ, ಬ್ರಹ್ಮಪುತ್ರಾ ನದಿಗಳದ್ದು. 2009ರಲ್ಲಿ ಅದನ್ನು ರಾಷ್ಟ್ರೀಯ ಜಲಚರವೆಂದು ಘೋಷಿಸಿದರು. ನಮ್ಮ ಕೃಷ್ಣೆಯಲ್ಲಿ ನೀರುನಾಯಿ ಇದೆ, ಅದೂ ಮುಳುಗಿ ಏಳುವ ಸಸ್ತನಿಯೇ, ಅದನ್ನು ಕಂಡರೆ ಡಾಲ್ಫಿನ್ ಕಂಡಷ್ಟೇ ಖುಷಿಪಡಿ ಎನ್ನುತ್ತೇನೆ.

ಕಾರವಾರದಲ್ಲಿ ದಂಡೆಯ ಹತ್ತಿರ ಕಾಣುವುದು ಗೂನು ಬೆನ್ನಿನ ಡಾಲ್ಫಿನ್. ಬೆನ್ನ ನಡುವೆ ಉದ್ದನೆಯ ಗೂನು, ಅದರ ಮೇಲೆ ಒಂದು ಪುಟ್ಟ ರೆಕ್ಕೆ. ಮೈ ಸೀಸದ ಬಣ್ಣ. ಅದರ ಶಾಸ್ತ್ರೀಯ ಹೆಸರು ಸೌಸಾ ಪ್ಲಂಬಿಯಾ. ಪ್ಲಂಬಿಯಾ ಎಂದರೂ ಸೀಸದ ಬಣ್ಣದ್ದು ಎಂದೇ ಅರ್ಥ. 1829ರಲ್ಲಿ ಫ್ರಾನ್ಸಿನ ವಿಜ್ಞಾನಿ ಕುವಿಯೆ ಇದನ್ನು ಹೆಸರಿಸಿದಾಗ ಮುಂದಿಟ್ಟುಕೊಂಡದ್ದು ಮಲಬಾರ್ ಕರಾವಳಿಯ ಪ್ರಾಣಿಯನ್ನು, ಅಂದರೆ ನಮ್ಮದೇ ಪಡುಗಡಲಿನದು. ಆಳ ಕಡಿಮೆ ಇರುವಲ್ಲಿ, ಹೊಳೆ ಕಡಲು ಸೇರುವ ಅಳಿವೆಗಳ ಸುತ್ತ ಇರುವುದೇ ಇದಕ್ಕೆ ಇಷ್ಟ. ನಾವು ಬಲೆ ಹಾಕುವುದೂ, ಬಂದರು ಕಟ್ಟುವುದೂ ಅದೇ ನೀರಿನಲ್ಲಿ. ಬಲೆಗೆ ಸಿಕ್ಕಿ ಸಾಯುವುದೇ ಇದಕ್ಕಿರುವ ದೊಡ್ಡ ಗಂಡಾಂತರ. ಯಾವ ಜೀವಿಗೆ ಎಷ್ಟು ಅಪಾಯ ಎಂದು ಹೇಳುವ ಜಗತ್ತಿನ ಕೆಂಪು ಪಟ್ಟಿಯಲ್ಲಿ ಇದು ಅಳಿವಿನಂಚಿನ ಪ್ರಾಣಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಎಂದರೆ ಹುಲಿಗೆ ಇರುವ ರಕ್ಷಣೆಯೇ ಇದಕ್ಕೂ.

ಕುಣಿದು ಕುಪ್ಪಳಿಸುವುದು ಇದರ ಸ್ವಭಾವವಲ್ಲ. ದೋಣಿಯ ಮುಂದೆ ಓಡುತ್ತಾ ಆಡುವ ಡಾಲ್ಫಿನ್‌ಗಳನ್ನು ಟಿವಿಯಲ್ಲಿ ಕಂಡವರಿಗೆ ಇದು ನಿರಾಸೆ ತರಬಹುದು. ಮೊದಲು ಉದ್ದ ಮೂತಿ ನೀರಿನಿಂದ ಓರೆಯಾಗಿ ಬರುತ್ತದೆ, ಉಸಿರಿನ 'ಫುಸ್' ಸದ್ದು ಕೇಳುತ್ತದೆ, ಗೂನು ಉರುಳಿದಂತೆ ಮೇಲೆದ್ದು ಇಳಿಯುತ್ತದೆ. ಅಷ್ಟೇ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮತ್ತೆ ಏಳುತ್ತದೆ, ಒಮ್ಮೊಮ್ಮೆ ನಾಲ್ಕೈದು ನಿಮಿಷವೂ ಹಿಡಿಯುತ್ತದೆ. ನಾಲ್ಕೈದು ಸಣ್ಣ ಮುಳುಗು, ಆಮೇಲೆ ಬೆನ್ನನ್ನು ಹೆಚ್ಚು ಬಾಗಿಸಿ ಒಂದು ದೊಡ್ಡ ಮುಳುಗು, ಈ ಲಯ ನಾನು ಬಹಳ ಸಲ ಕಂಡಿದ್ದೇನೆ. ಬೆನ್ನು ಹೆಚ್ಚು ಬಾಗಿತೆಂದರೆ ಕ್ಯಾಮೆರಾ ಇಳಿಸಿ ಕಣ್ಣಿಗೆ ವಿಶ್ರಾಂತಿ ಕೊಡುತ್ತೇನೆ.

ಈಗ ನಾನು ಹೋಗುವ ದೋಣಿಯ ಅಣ್ಣ ಕಡಲಲ್ಲೇ ಬೆಳೆದವರು. ಬೆಳಿಗ್ಗೆ ಆರೂವರೆಗೆ ಹೊರಡುತ್ತೇವೆ. ಹತ್ತು ಗಂಟೆ ಕಳೆದರೆ ಕಡಲ ಕಡೆಯಿಂದ ಗಾಳಿ ಏಳುತ್ತದೆ, ಅಲೆಯ ತಲೆಯ ಮೇಲೆ ಬಿಳಿ ನೊರೆ ಮೂಡತೊಡಗುತ್ತದೆ. ಆ ಬಿಳಿ ಚುಕ್ಕೆಗಳು ಅಲ್ಲಲ್ಲಿ ಕಂಡರೆ ಅಂದಿನ ಕೆಲಸ ಮುಗಿಯಿತು, ಬೆನ್ನು ಯಾವುದು ಅಲೆ ಯಾವುದು ತಿಳಿಯುವುದಿಲ್ಲ. ಪುಷ್ಯ ಹುಣ್ಣಿಮೆಗೆ ಕೂರ್ಮಗಡ ದ್ವೀಪದಲ್ಲಿ ನರಸಿಂಹ ದೇವರ ಜಾತ್ರೆ. ಅಂದು ಜನ ತುಂಬಿದ ದೋಣಿಗಳದ್ದೇ ಓಡಾಟ, ಹಾಗಾಗಿ ಅಂದು ನಾನೂ ಕೈಮುಗಿದು ಬರುತ್ತೇನೆ, ಕ್ಯಾಮೆರಾ ಒಯ್ಯುವುದಿಲ್ಲ.

ಕಾಳಿ ನದಿಯ ಅಳಿವೆ ದಾಟಿ ದೇವಬಾಗದ ಎದುರಿಗೆ ಎಂಜಿನ್ ನಿಧಾನ ಮಾಡಿ ಬರಿಗಣ್ಣಿನಿಂದ ಹುಡುಕುತ್ತೇವೆ. ದುರ್ಬೀನು ಆಮೇಲೆ. ಗಡಿಯಾರದ ಲೆಕ್ಕ ಇಟ್ಟುಕೊಂಡಿದ್ದೇವೆ: ದೋಣಿಯ ಮೂಗು ಹನ್ನೆರಡು, ನನ್ನ ಬಲಗೈ ಮೂರು. "ಎರಡಕ್ಕೆ ನೋಡಿ ಸರ್" ಎಂದರೆ ಬೆರಳು ತೋರಿಸುವ ಗೋಜಿಲ್ಲ. ಒಂದೇ ಕಡೆ ಕಡಲಹಕ್ಕಿಗಳು ಸುತ್ತುತ್ತಿದ್ದರೆ, ಮೀನು ಚಿಮ್ಮುತ್ತಿದ್ದರೆ ಅಲ್ಲಿ ಕಣ್ಣು ನಿಲ್ಲಿಸಬೇಕು. ಇಳಿತದ ಹೊತ್ತಿಗೆ ಅಳಿವೆಯ ಬಾಯಲ್ಲಿ ನನಗೆ ಹೆಚ್ಚು ಸಿಕ್ಕಿವೆ.

ಕಂಡ ಮೇಲೆ ಮಾಡುವುದರಲ್ಲೇ ಎಲ್ಲ ಇದೆ. ನೇರ ಎದುರಿಗೆ ಹೋಗುವುದಿಲ್ಲ, ಬೆನ್ನಟ್ಟುವುದಿಲ್ಲ. ಅವು ಹೋಗುವ ದಿಕ್ಕಿಗೇ, ಪಕ್ಕದಲ್ಲಿ, ಕನಿಷ್ಠ ಐವತ್ತು ಮೀಟರ್ ದೂರ ಇಟ್ಟುಕೊಂಡು, ಅವುಗಳಷ್ಟೇ ನಿಧಾನಕ್ಕೆ ಸಾಗುತ್ತೇವೆ. ಎಂಜಿನ್ ಪದೇ ಪದೇ ಬಂದ್ ಮಾಡಿ ಚಾಲೂ ಮಾಡುವುದಿಲ್ಲ, ಒಂದೇ ಸಮನಾದ ಸಣ್ಣ ಸದ್ದಿಗಿಂತ ಒಮ್ಮೆಲೇ ಏಳುವ ಸದ್ದಿಗೆ ಅವು ಬೆಚ್ಚುತ್ತವೆ. ಪಡುಗಡಲಿನಲ್ಲಿ ಬೆಳಗಿನ ಸೂರ್ಯ ನೆಲದ ಕಡೆಯಿಂದ ಬರುತ್ತಾನೆ. ಆದ್ದರಿಂದ ದೋಣಿ ದಂಡೆಯ ಬದಿಗೆ, ಡಾಲ್ಫಿನ್ ಕಡಲ ಬದಿಗೆ ಇದ್ದರೆ ಬೆಳಕು ನನ್ನ ಬೆನ್ನ ಹಿಂದೆ, ಅವುಗಳ ಮೈಮೇಲೆ. ಬೇಡವೆನಿಸಿದರೆ ಹೊರಟು ಹೋಗಲು ಅವುಗಳಿಗೆ ಇಡೀ ಕಡಲು ತೆರೆದಿರುತ್ತದೆ. ಇದು ಹೊಳೆದ ದಿನ ನನಗೆ ಬಹಳ ಸಮಾಧಾನವಾಯಿತು. ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಒಂದು ಗುಂಪಿನ ಜೊತೆ ಇರುವುದಿಲ್ಲ. ಮುಳುಗು ಉದ್ದವಾಗುತ್ತಾ ಹೋದರೆ, ದಿಕ್ಕು ಮೇಲಿಂದ ಮೇಲೆ ಬದಲಿಸಿದರೆ, ಬಾಲ ಬಡಿದರೆ, ಅದಕ್ಕೂ ಮೊದಲೇ ತಿರುಗುತ್ತೇವೆ. ಇನ್ನೊಂದು ದೋಣಿ ಆಗಲೇ ಅಲ್ಲಿದ್ದರೆ ನಾವು ಹೋಗುವುದೇ ಇಲ್ಲ.

ಕ್ಯಾಮೆರಾದ ಮಾತು ಚಿಕ್ಕದು. ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ, ಇನ್ನೂ ದೂರದ್ದನ್ನು ಹತ್ತಿರ ತರುವ 100-400 ಲೆನ್ಸ್ ಇದೆ. ಶಟರ್ ವೇಗ ಸೆಕೆಂಡಿನ 1/2000, ಮೋಡ ಇದ್ದರೆ 1/1600, ಅದಕ್ಕಿಂತ ಕಡಿಮೆ ವೇಗ ಬೇಡ. ಲೆನ್ಸಿನ ಕಿಂಡಿ ಎಫ್ 8. ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕೆನ್ನುವ ಐಎಸ್‌ಒ ಆಟೊ. ನೀರಿನ ಹೊಳಪಿಗೆ ಮೈ ಬೆಳ್ಳಗಾಗದಂತೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸುತ್ತೇನೆ. ಖಾಲಿ ನೀರಿನ ಮೇಲೆ ಆಟೊಫೋಕಸ್ ಹಿಡಿತ ಸಿಗದೆ ಹಿಂದೆ ಮುಂದೆ ಓಡುತ್ತದೆ. ಅಷ್ಟೇ ದೂರದಲ್ಲಿ ತೇಲುವ ಹಕ್ಕಿಯೋ ಬಲೆಯ ಬೆಂಡೋ ಕಂಡರೆ ಅದರ ಮೇಲೆ ಮೊದಲೇ ಫೋಕಸ್ ಹಿಡಿದಿಟ್ಟು ಕಾಯುತ್ತೇನೆ. ಎರಡೂ ಕಣ್ಣು ತೆರೆದಿರಬೇಕು. ನೀರಿನ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿ ನೋಡಿದೆ, ಕಡಲಿನ ಬಣ್ಣ ಚಂದ ಬಂತು, ಶಟರ್ ವೇಗ ಹೋಯಿತು, ತೆಗೆದಿಟ್ಟೆ. ಸ್ಟ್ಯಾಂಡ್ ದೋಣಿಯಲ್ಲಿ ಕೆಲಸಕ್ಕೆ ಬಾರದು, ಎಂಜಿನ್ನಿನ ನಡುಕವೆಲ್ಲ ಕ್ಯಾಮೆರಾಕ್ಕೆ ಬರುತ್ತದೆ. ದಂಡೆಗೆ ಬಂದೊಡನೆ ಸಿಹಿನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಿಂದ ಒರೆಸುತ್ತೇನೆ. ಒಣ ಬಟ್ಟೆ ಉಪ್ಪಿನ ಹರಳನ್ನು ಉಜ್ಜಿ ಗೀರು ಹಾಕುತ್ತದೆ, ನನ್ನ ಒಂದು ಫಿಲ್ಟರ್ ಹಾಗೆಯೇ ಹಾಳಾಯಿತು.

ಮೂರನೆಯ ವರ್ಷದವರೆಗೆ ನಾನು ಚಂದದ ಫೋಟೊಕ್ಕೇ ಹಂಬಲಿಸುತ್ತಿದ್ದೆ. ಬೆನ್ನಿನ ರೆಕ್ಕೆಯ ಹಿಂದಿನ ಅಂಚಿನಲ್ಲಿರುವ ಕಚ್ಚು, ಗೀರು, ಕಲೆಗಳಿಂದ ಒಂದೊಂದು ಡಾಲ್ಫಿನ್ ಅನ್ನೂ ಗುರುತಿಸಬಹುದು ಎಂದು ತಿಳಿದ ಮೇಲೆ ಹಂಬಲವೇ ಬೇರೆಯಾಯಿತು. ಅದಕ್ಕೆ ಬೇಕಾದದ್ದು ಸೂರ್ಯೋದಯವಲ್ಲ. ರೆಕ್ಕೆ ಸರಿಯಾಗಿ ಅಡ್ಡಲಾಗಿ, ಸ್ಪಷ್ಟವಾಗಿ ಬರಬೇಕು, ಸಾಧ್ಯವಾದರೆ ಎಡಬದಿಯದ್ದೊಂದು, ಬಲಬದಿಯದ್ದೊಂದು. ಜೊತೆಗೆ ಒಂದು ನೋಟುಬುಕ್ಕು: ಹೊತ್ತು, ಜಿಪಿಎಸ್ ಜಾಗ, ಭರತವೋ ಇಳಿತವೋ, ಡಾಲ್ಫಿನ್ ಕಡಿಮೆ ಎಂದರೆ ಎಷ್ಟು, ಹೆಚ್ಚೆಂದರೆ ಎಷ್ಟು, ಮರಿ ಎಷ್ಟು, ಏನು ಮಾಡುತ್ತಿದ್ದವು. ಒಮ್ಮೆ ಲೈಟ್‌ಹೌಸ್ ದ್ವೀಪದ ಕಡೆ ಎರಡು ಸೆಕೆಂಡು ಒಂದು ನುಣುಪಾದ ಬೆನ್ನು ಕಂಡಿತು, ರೆಕ್ಕೆಯೇ ಇಲ್ಲ. ಅದು ರೆಕ್ಕೆಯಿಲ್ಲದ ಪೋರ್ಪಾಯ್ಸ್, ಡಾಲ್ಫಿನ್ ಬಳಗದ್ದೇ ಕಡಲ ಸಸ್ತನಿ, ಡಾಲ್ಫಿನ್‌ಗಿಂತ ಚಿಕ್ಕದು, ಇನ್ನೂ ನಾಚಿಕೆಯದು. ಫೋಟೊ ಸಿಗಲಿಲ್ಲ, ಪುಸ್ತಕದಲ್ಲಿ ಬರೆದೆ. ಬರೆದದ್ದಕ್ಕೂ ಬೆಲೆ ಇದೆ. ನಮ್ಮ ದೇಶದ ಕಡಲ ಸಸ್ತನಿಗಳು ಎಲ್ಲಿ ಕಂಡವು, ಎಲ್ಲಿ ಸತ್ತು ದಂಡೆಗೆ ಬಿದ್ದವು ಎಂದು ದಾಖಲಿಸುವ ಮರೈನ್ ಮ್ಯಾಮಲ್ ರಿಸರ್ಚ್ ಅಂಡ್ ಕನ್ಸರ್ವೇಷನ್ ನೆಟ್‌ವರ್ಕ್ ಆಫ್ ಇಂಡಿಯಾ ಎಂಬ ಜಾಲ ಇದೆ. ನಮ್ಮಂಥವರ ಟಿಪ್ಪಣಿಯೂ ಅಲ್ಲಿಗೆ ಸಲ್ಲುತ್ತದೆ.

ಸ್ಟುಡಿಯೊದಲ್ಲಿ ರಾತ್ರಿ ಲಗ್ನದ ಅಲ್ಬಮ್ ಕೆಲಸ ಮುಗಿಸಿ ರೆಕ್ಕೆಗಳನ್ನು ಜೋಡಿಸಿ ನೋಡುತ್ತೇನೆ. ಕಳೆದ ಸಲ ತೆಗೆದದ್ದರಲ್ಲಿ ಒಂದರ ರೆಕ್ಕೆಯ ತುದಿಗಿಂತ ಸ್ವಲ್ಪ ಕೆಳಗೆ ಕುಡಗೋಲಿನ ಆಕಾರದ ಕಚ್ಚು ಇತ್ತು, ಅದರ ಕೆಳಗೆ ಇನ್ನೊಂದು ಸಣ್ಣದು. ಎಲ್ಲೋ ನೋಡಿದ್ದೇನೆ ಅನ್ನಿಸಿ ಹಳೆಯ ಹಾರ್ಡ್ ಡಿಸ್ಕ್ ತೆರೆದೆ. ಎರಡು ವರ್ಷದ ಹಿಂದೆ, ದೇವಬಾಗದ ಎದುರಿಗೇ, ಅದೇ ಎರಡು ಕಚ್ಚು. ಆಗ ಅದು ಒಂಟಿ, ಈಗ ಪಕ್ಕದಲ್ಲಿ ಮರಿ. ಒಬ್ಬನೇ ಕೂತು ಎರಡೂ ಚಿತ್ರವನ್ನು ಎಷ್ಟು ಸಲ ದೊಡ್ಡದು ಮಾಡಿ ನೋಡಿದೆನೋ. ಬೆಳಿಗ್ಗೆ ಎರಡನ್ನೂ ಪ್ರಿಂಟ್ ಹಾಕಿ ಗೋಡೆಗೆ, ಮದುಮಕ್ಕಳ ಫೋಟೊಗಳ ನಡುವೆ ಅಂಟಿಸಿದೆ.

ಮೊನ್ನೆ ಪಿಂಚಣಿ ಅರ್ಜಿಗೆ ಫೋಟೊ ತೆಗೆಸಲು ಬಂದ ಒಬ್ಬ ಅಮ್ಮ ಗೋಡೆ ನೋಡುತ್ತಾ ನಿಂತರು.

"ಇದೇನಪ್ಪಾ, ಎಮ್ಮಿ ಹೊಳ್ಯಾಗ ಕುಂತಂಗ ಅದ?"

"ಎಮ್ಮಿ ಅಲ್ಲಬೇ, ಸಮುದ್ರದಾಗ ಇರ್ತದ. ಮೀನಿನಂಗ ಕಾಣ್ತದ, ಖರೇ ಅಂದ್ರ ಮರಿ ಹಾಕಿ ಹಾಲು ಕುಡಸ್ತದ. ಇಲ್ಲಿ ಕಚ್ಚು ಕಾಣ್ತದಲ್ಲ, ಎರಡೂ ಫೋಟೊದಾಗ ಇದೇ ಒಂದು."

ಅಮ್ಮ ಹತ್ತಿರ ಹೋಗಿ ಕಚ್ಚಿನ ಮೇಲೆ ಬೆರಳಿಟ್ಟರು. ಆಮೇಲೆ ಬೆರಳು ಪಕ್ಕಕ್ಕೆ ಸರಿಯಿತು.

"ಮುಂದಿನ ಸರ್ತಿ ಹ್ವಾದಾಗ ಈ ಕೂಸಿನ ಗುರ್ತು ಹೆಂಗ ಹಿಡೀತಿ?"

"ಅದರ ರೆಕ್ಕಿ ಇನ್ನಾ ಸಾಫ್ ಅದಬೇ. ಒಂದು ಗೀರಿಲ್ಲ, ಕಚ್ಚಿಲ್ಲ. ಈಗ ಗುರ್ತು ಹತ್ತಂಗಿಲ್ಲ."

"ಹಂಗೇ ಇರ್ಲಿ ಬಿಡಪ್ಪಾ" ಎಂದು ಅಮ್ಮ ಸೆರಗು ಸರಿಮಾಡಿಕೊಂಡು ಸ್ಟೂಲಿನ ಮೇಲೆ ಕೂತರು.