ಮನೇಲಿರೋ ಹಿರಿಯರಿಗೆ ನೊರೊವೈರಸ್ ವಾಂತಿ-ಭೇದಿ ಶುರುವಾದ್ರೆ ಏನ್ ಮಾಡ್ಬೇಕು?

2021ರ ನವೆಂಬರಲ್ಲಿ ಪಕ್ಕದ ವಯನಾಡಿನ ವೆಟರ್ನರಿ ಕಾಲೇಜಿನ ಸ್ಟೂಡೆಂಟ್‌ಗಳಿಗೆ ನೊರೊವೈರಸ್ ಬಂದಾಗ ಈ ಹೆಸರು ನಮ್ಮ ಕಡೆ ಪೇಪರಲ್ಲೂ ಓಡಾಡ್ತು. ಆ ವಯಸ್ಸಿನವರು ಎರಡ್ಮೂರು ದಿನ ನರಳಿ ಎದ್ದು ಬಿಡ್ತಾರೆ, 75 ದಾಟಿದ ಅಜ್ಜ ಅಜ್ಜಿಯರ ವಿಷ್ಯ ಹಾಗಲ್ಲ. ವೈರಸ್ ಹೊಟ್ಟೆಗೆ ಹೋದ 12ರಿಂದ 48 ಗಂಟೆ ಒಳಗೆ ಇದ್ದಕ್ಕಿದ್ದಂಗೆ ವಾಂತಿ, ನೀರು ನೀರಾಗಿ ಭೇದಿ ಶುರುವಾಗುತ್ತೆ, ವಯಸ್ಸಾದವರಿಗೆ ಬಾಯಾರಿಕೆನೇ ಸರಿಯಾಗಿ ಗೊತ್ತಾಗಲ್ಲ, ಕಿಡ್ನಿನೂ ಮೊದಲಿನ ಥರ ನೀರು ಹಿಡಿದಿಟ್ಕೊಳ್ಳಲ್ಲ, ಅದರ ಮೇಲೆ ದಿನಾ ನುಂಗೋ ಮಾತ್ರೆಗಳು ಬೇರೆ, ಹಾಗಾಗಿ ಮೈಯಲ್ಲಿ ನೀರು ಬೇಗ ಕಮ್ಮಿಯಾಗುತ್ತೆ.

ಮೊದಲ ಕೆಲಸ ಓಆರ್‌ಎಸ್. ಪ್ಯಾಕೆಟ್ ಹಿಂದೆ ಎಷ್ಟು ನೀರು ಅಂತ ಬರೆದಿರುತ್ತೋ ಅಷ್ಟೂ ನೀರಿಗೆ ಪೂರ್ತಿ ಪ್ಯಾಕೆಟ್ ಹಾಕಿ, ಕಾಲು ಭಾಗ ಲೋಟಕ್ಕೆ ಸುರಿದು ಅಂದಾಜಲ್ಲಿ ಕಲಸೋದು ಬೇಡ. ಪ್ಯಾಕೆಟ್ ಸಿಗ್ಲಿಲ್ಲ ಅಂದ್ರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎರಡೂ ಚಮಚದ ಮಟ್ಟಕ್ಕೆ, ಗುಡ್ಡೆ ಮಾಡ್ಬೇಡಿ. ವಾಂತಿ ಆದ ಮೇಲೆ ಹತ್ತು ನಿಮಿಷ ಬಿಟ್ಟು, ಎಬ್ಬಿಸಿ ಕೂರಿಸಿ, ಒಂದೊಂದೇ ಚಮಚ ಕೊಡಿ, ಪಾಪ ಸುಸ್ತಾಗಿದ್ದಾರೆ ಅಂತ ಒಂದೇ ಸಲ ಲೋಟ ತುಂಬಾ ಕುಡಿಸಿದ್ರೆ ಅದೂ ಹೊರಗೆ ಬರುತ್ತೆ. ಹಲ್ಲಿನ ಸೆಟ್ ಇದ್ರೆ ತೆಗೆದಿಡಿ. "ಶುಗರ್ ಇದೆಯಲ್ಲಾ, ಓಆರ್‌ಎಸ್ ಕೊಡಬಹುದಾ" ಅಂತ ಎಲ್ಲರೂ ಕೇಳ್ತಾರೆ. ಅದ್ರಲ್ಲಿರೋ ಗ್ಲೂಕೋಸ್ ಇದ್ರೇನೇ ಕರುಳು ಉಪ್ಪನ್ನೂ ನೀರನ್ನೂ ಎಳ್ಕೊಳ್ಳೋದು, ಹಾಗಾಗಿ ಕೊಡಿ, ಜೊತೆಗೆ ಶುಗರ್ ಚೆಕ್ ಮಾಡ್ತಾ ಇರಿ. ಹಾರ್ಟ್ ಅಥವಾ ಕಿಡ್ನಿ ತೊಂದರೆಗೆ ನೀರು ಇಷ್ಟೇ ಕುಡೀಬೇಕು ಅಂತ ಡಾಕ್ಟ್ರು ಹೇಳಿರೋರಿಗೆ ಮಾತ್ರ ಅವರನ್ನ ಕೇಳಿ ಕೊಡಿ. ಟೆಟ್ರಾ ಪ್ಯಾಕಿನ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ, ಆ ಹೆಸರು ಹಾಕ್ಕೊಂಡು ಮಾರಬಾರದು ಅಂತ 2025ರಲ್ಲಿ ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಎಫ್‌ಎಸ್‌ಎಸ್‌ಎಐ ಆದೇಶನೇ ಮಾಡಿದೆ. ವಾಂತಿ ನಿಂತ ಮೇಲೆ ಉಪ್ಪು ಹಾಕಿದ ಗಂಜಿ, ಮೆತ್ತಗಿನ ಅನ್ನ ಶುರು ಮಾಡಿ.

ಅದೇ ದಿನ ಡಾಕ್ಟ್ರಿಗೆ ಫೋನ್ ಮಾಡಿ ಮಾತ್ರೆಗಳ ಪಟ್ಟಿ ಓದಿ ಹೇಳಿ, ಇದನ್ನ ಜನ ಮರೀತಾರೆ, ನನ್ನ ಪ್ರಕಾರ ಓಆರ್‌ಎಸ್‌ನಷ್ಟೇ ಮುಖ್ಯ ಇದು. ಮೈಯಲ್ಲಿ ನೀರು ಕಮ್ಮಿಯಾದಾಗ ಮೂತ್ರ ಜಾಸ್ತಿ ಮಾಡಿಸೋ ಮಾತ್ರೆ, ಕೆಲವು ಬಿಪಿ ಮಾತ್ರೆ, ಶುಗರಿನ ಮೆಟ್‌ಫಾರ್ಮಿನ್ ಇವೆಲ್ಲ ತೊಂದರೆ ಕೊಡಬಹುದು, ಯಾವುದನ್ನ ಎಷ್ಟು ದಿನ ನಿಲ್ಲಿಸ್ಬೇಕು ಅಂತ ಅವರೇ ಹೇಳ್ಲಿ. ಇನ್ಸುಲಿನ್ ಅಂತೂ ನೀವಾಗೇ ನಿಲ್ಲಿಸ್ಬೇಡಿ. ಮೆಡಿಕಲ್ ಶಾಪಲ್ಲಿ ಆಂಟಿಬಯೋಟಿಕ್ ಕೇಳ್ಬೇಡಿ, ವೈರಸ್ಸಿಗೆ ಅದು ಏನೂ ಮಾಡಲ್ಲ.

ಮೈಯಲ್ಲಿ ನೀರು ಕಮ್ಮಿಯಾಗಿದೆಯಾ ಅಂತ ಚರ್ಮ ಚಿವುಟಿ ನೋಡೋದು ಹಿರಿಯರಲ್ಲಿ ನಂಬೋ ಹಾಗಿಲ್ಲ, ಚರ್ಮ ಮೊದಲೇ ಸಡಿಲ ಆಗಿರುತ್ತೆ. ನಾಲಿಗೆ ಒಣಗಿದೆಯಾ ನೋಡಿ, ಮೂತ್ರಕ್ಕೆ ಎಷ್ಟೊತ್ತಿಗೆ ಹೋದ್ರು ಲೆಕ್ಕ ಇಡಿ. ಆರೆಂಟು ಗಂಟೆ ಮೂತ್ರ ಇಲ್ಲ, ಏನೇನೋ ಮಾತಾಡ್ತಾರೆ, ಎದ್ದ ತಕ್ಷಣ ತಲೆ ಸುತ್ತುತ್ತೆ, ಭೇದಿಲಿ ರಕ್ತ, ಕುಡಿದದ್ದು ಏನೂ ನಿಲ್ತಿಲ್ಲ, ಇವುಗಳಲ್ಲಿ ಒಂದಿದ್ರೂ ಬೆಳಗಾಗ್ಲಿ ಅಂತ ಕಾಯದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಡ್ರಿಪ್ ಹಾಕ್ಬೇಕಾಗುತ್ತೆ. ರಾತ್ರಿ ಬಾತ್‌ರೂಮಿಗೆ ಒಬ್ಬರೇ ಕಳಿಸ್ಬೇಡಿ, ಜಾರಿ ಬಿದ್ದು ಸೊಂಟ ಮುರ್ಕೊಂಡ್ರೆ ಅದು ಇನ್ನೊಂದು ಕಥೆ.

ಇನ್ನು ಕ್ಲೀನಿಂಗ್. ಕೊರೊನಾ ಟೈಮಿಂದ ಕೈಗೆ ಸ್ಯಾನಿಟೈಸರ್ ಹಾಕ್ಕೊಂಡ್ರೆ ಆಯ್ತು ಅಂದ್ಕೊಂಡಿದ್ದೀವಿ, ಈ ವೈರಸ್ಸಿಗೆ ಅದು ಸರಿಯಾಗಿ ನಾಟಲ್ಲ. ಸೋಪು, ಹರಿಯೋ ನೀರು, 20 ಸೆಕೆಂಡ್, ಉಗುರು ಸಂದಿ ಸಮೇತ. ವಾಂತಿ ಬಿದ್ದ ಜಾಗಕ್ಕೆ ಗ್ಲೌಸ್, ಮಾಸ್ಕ್ ಹಾಕ್ಕೊಂಡು ಪೇಪರಲ್ಲಿ ಒರೆಸಿ ತೆಗೆದು ಕವರಿಗೆ ಕಟ್ಟಿ, ಆಮೇಲೆ 1 ಲೀಟರ್ ನೀರಿಗೆ 5% ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) 100 ಎಂಎಲ್ ಬೆರೆಸಿ ಸುರಿದು ಹತ್ತು ನಿಮಿಷ ಬಿಟ್ಟು ತೊಳೀರಿ. ಟಾಯ್ಲೆಟ್ ಆಸಿಡ್ ಜೊತೆ ಮಾತ್ರ ಬೆರೆಸ್ಬೇಡಿ, ವಿಷದ ಗ್ಯಾಸ್ ಬರುತ್ತೆ. ನಲ್ಲಿ, ಚಿಲಕ, ಫ್ಲಶ್ ಬಟನ್, ಕೈಗೋಲಿನ ಹಿಡಿ ಇವನ್ನೂ ಬಿಡಬೇಡಿ. ಬಟ್ಟೆಗಳನ್ನ ಕೊಡವದೆ ಸುತ್ತಿ ತಗೊಂಡು ಬಿಸಿನೀರಲ್ಲಿ ಬೇರೆ ಒಗೀರಿ.

ಭೇದಿ ನಿಂತ ಮೇಲೂ ಎರಡು ವಾರ ಅಥವಾ ಇನ್ನೂ ಜಾಸ್ತಿ ಮಲದಲ್ಲಿ ವೈರಸ್ ಇರುತ್ತೆ, ಹಾಗಾಗಿ ಕೈ ತೊಳೆಯೋದು ನಿಲ್ಲಿಸ್ಬೇಡಿ. ಅಡುಗೆ ಮಾಡೋರಿಗೇ ಬಂದಿದ್ರೆ, ಅದು ಅಮ್ಮ ಆಗ್ಲಿ, ಕೆಲಸಕ್ಕೆ ಬರೋ ಆಂಟಿ ಆಗ್ಲಿ, ವಾಂತಿ-ಭೇದಿ ಪೂರ್ತಿ ನಿಂತು 48 ಗಂಟೆ ಆಗೋವರೆಗೂ ಒಲೆ ಹತ್ರ ಬರೋದು ಬೇಡ, ಕೆಲಸದವರ ಆ ದಿನಗಳ ಸಂಬಳಾನೂ ಕಟ್ ಮಾಡ್ಬೇಡಿ, ಮಾಡಿದ್ರೆ ಮುಂದಿನ ಸಲ ಹುಷಾರಿಲ್ಲ ಅಂತ ಹೇಳೋದೇ ಇಲ್ಲ ಅವರು.