ನೆಲದಡಿಯ ಮೆಟ್ರೊ ನಿಲ್ದಾಣ: ಕರೆಂಟ್ ಉಳಿಸಲು ಗಾಳಿಯಿಂದ ಶುರುಮಾಡಿ

ಬೆಂಗಳೂರಿನ ಮೆಜೆಸ್ಟಿಕ್, ಚಿಕ್ಕಪೇಟೆ, ಕಬ್ಬನ್ ಪಾರ್ಕ್‌ನಂಥ ನೆಲದಡಿಯ ನಿಲ್ದಾಣಗಳಲ್ಲಿ ಕಣ್ಣಿಗೆ ಬೀಳುವುದು ದೀಪ, ಕರೆಂಟ್ ನುಂಗುವುದು ಗಾಳಿ. ನೀರನ್ನು ತಣ್ಣಗಾಗಿಸುವ ಚಿಲ್ಲರ್, ಆ ನೀರನ್ನು ಸುತ್ತಿಸುವ ಪಂಪು, ತಣ್ಣನೆ ಗಾಳಿಯನ್ನು ನಿಲ್ದಾಣಕ್ಕೆ ತಳ್ಳುವ ಎಎಚ್‌ಯು (ಏರ್ ಹ್ಯಾಂಡ್ಲಿಂಗ್ ಯೂನಿಟ್) ಫ್ಯಾನು ಇವು ಮೂರನ್ನೂ ಬಿಟ್ಟು ಬರೀ ಎಲ್‌ಇಡಿ ಹಾಕಿಸಿದರೆ ಬಿಲ್ಲು ಹೆಚ್ಚೇನೂ ಇಳಿಯುವುದಿಲ್ಲ.

ಮೊದಲು ಅಳೆಯಿರಿ. ಒಂದೊಂದು ಬಗೆಯ ಲೋಡಿಗೂ ಬೇರೆ ಮೀಟರ್ ಕೂರಿಸಿ, 15 ನಿಮಿಷಕ್ಕೊಮ್ಮೆ ಅಂಕಿ ದಾಖಲಾಗುವಂತೆ ಮಾಡಿ ಎರಡು ವಾರ ಬಿಡಿ. ರಾತ್ರಿ 1ರಿಂದ 4 ಗಂಟೆಯ ಅಂಕಿಯನ್ನು ಮೊದಲು ನೋಡಿ. ರೈಲಿಲ್ಲ, ಜನರಿಲ್ಲ, ಆದರೂ ಲೋಡ್ ಇಳಿದಿಲ್ಲವೆಂದರೆ ರಿಪೇರಿಗೆಂದು ಮ್ಯಾನ್ಯುಯಲ್‌ಗೆ ತಿರುಗಿಸಿದ ಸ್ವಿಚ್ಚನ್ನು ಯಾರೋ ಆಟೋಗೆ ಮರಳಿಸಿಲ್ಲ ಎಂಬ ಅನುಮಾನ ಬರಬೇಕು. ಈ ಒಂದು ತಪಾಸಣೆಗೆ ಕಾಸೂ ಬೇಡ.

ಹೆಚ್ಚು ಫಲ ಸಿಗುವುದು ಫ್ಯಾನಿನ ವೇಗದಲ್ಲಿ. ಫ್ಯಾನು ಎಳೆಯುವ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರಿಳಿಯುತ್ತದೆ. ಮೋಟಾರಿನ ವೇಗ ಬದಲಿಸುವ ಡ್ರೈವ್ ಆದ ವಿಎಫ್‌ಡಿಯಲ್ಲಿ 50 ಹರ್ಟ್ಜ್‌ನಿಂದ 40ಕ್ಕೆ ಇಳಿಸಿದರೆ ಲೆಕ್ಕದ ಪ್ರಕಾರ ಶಕ್ತಿ ಸುಮಾರು ಅರ್ಧವಾಗುತ್ತದೆ. 15 ಕಿಲೋವ್ಯಾಟ್ ಎಳೆಯುವ ಫ್ಯಾನು ದಿನಕ್ಕೆ 18 ಗಂಟೆ ತಿರುಗಿದರೆ ಉಳಿಯುವುದು ಸುಮಾರು 130 ಯೂನಿಟ್. ನಮ್ಮ ಗ್ರಿಡ್‌ನಲ್ಲಿ ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೆ ದಿನಕ್ಕೆ 90 ಕೆಜಿಯಷ್ಟಾಯಿತು. ಡ್ರೈವ್‌ನ ನಷ್ಟವೂ ಇರುವುದರಿಂದ ಕೈಗೆ ಸಿಗುವುದು ಇದಕ್ಕಿಂತ ತುಸು ಕಡಿಮೆ. ಗಾಳಿಯ ದಾರಿಯ ಬಾಗಿಲಾದ ಡ್ಯಾಂಪರನ್ನು ಅರ್ಧ ಮುಚ್ಚಿ ಗಾಳಿ ತಗ್ಗಿಸಿದರೆ ಈ ಲಾಭ ಬರುವುದಿಲ್ಲ. ಡ್ಯಾಂಪರ್ ತೆರೆದಿಡಿ, ವೇಗ ಇಳಿಸಿ.

ಫ್ಯಾನಿನ ವೇಗವನ್ನು ನಿಲ್ದಾಣದಿಂದ ಎಎಚ್‌ಯುಗೆ ಮರಳುವ ಗಾಳಿಯ ಉಷ್ಣತೆ ನಿರ್ಧರಿಸಲಿ. ಹೊರಗಿನಿಂದ ತರುವ ಗಾಳಿಯನ್ನು ಸಿಒ2 ಸೆನ್ಸರ್ ನಿರ್ಧರಿಸಲಿ. ಸುಮಾರು 1000 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ದಾಟದಂತೆ ಹೊಂದಿಸಿ. ಸೆನ್ಸರನ್ನು ತಣ್ಣನೆ ಗಾಳಿ ಬೀಳುವ ಜಾಲರಿಯ ಕೆಳಗೆ ಕೂರಿಸಬೇಡಿ. ಅಲ್ಲಿ ಅದು ಯಾವಾಗಲೂ ಒಳ್ಳೆಯ ಸುದ್ದಿಯನ್ನೇ ಹೇಳುತ್ತದೆ, ಪ್ಲಾಟ್‌ಫಾರ್ಮಿನಲ್ಲಿ ಜನ ಬೇಯುತ್ತಿರುತ್ತಾರೆ. ವರ್ಷಕ್ಕೊಮ್ಮೆ ಬಯಲಿಗೆ ಒಯ್ದು ನೋಡಿ, 420ರ ಆಸುಪಾಸು ತೋರಿಸಬೇಕು.

ಚಿಲ್ಲರ್‌ಗೆ ನೀರು 12 ಡಿಗ್ರಿಯಲ್ಲಿ ಮರಳಿ 7 ಡಿಗ್ರಿಯಲ್ಲಿ ಹೊರಡುವುದು ರೂಢಿ. ಮರಳುವ ನೀರು 9 ಡಿಗ್ರಿಯಲ್ಲೇ ಬರುತ್ತಿದ್ದರೆ ಇನ್ನೊಂದು ಚಿಲ್ಲರ್ ಚಾಲೂ ಮಾಡಬೇಡಿ. ತಣ್ಣೀರು ಹರಿದು ಗಾಳಿಯನ್ನು ತಂಪು ಮಾಡುವ ಕಾಯಿಲ್‌ನಲ್ಲಿ ಧೂಳು ಕಟ್ಟಿರಬಹುದು, ಇಲ್ಲವೇ ಕಂಟ್ರೋಲ್ ವಾಲ್ವ್ ಪೂರ್ತಿ ತೆರೆದು ಸಿಕ್ಕಿಕೊಂಡಿರಬಹುದು. ನೀರು ಶಾಖ ಹೀರದೆ ಸುಮ್ಮನೆ ಸುತ್ತುತ್ತಿರುತ್ತದೆ. ಸೆಕೆ ಕಡಿಮೆಯಿರುವ ತಿಂಗಳುಗಳಲ್ಲಿ ಹೊರಡುವ ನೀರನ್ನು 9 ಡಿಗ್ರಿಗೆ ಏರಿಸಿ ನೋಡಿ. ಒಂದೊಂದು ಡಿಗ್ರಿಗೂ ಚಿಲ್ಲರ್‌ನ ಶಕ್ತಿ ಶೇ 2ರಿಂದ 3 ಇಳಿಯುತ್ತದೆ. ಒಳಗಿನ ತೇವಾಂಶ ಏರಿ ನೆಲ ಜಾರತೊಡಗಿದರೆ ಹಿಂದಕ್ಕೆ ಬನ್ನಿ.

ಬೆಂಗಳೂರಿಗೆ ಇನ್ನೊಂದು ವರವಿದೆ. ಡಿಸೆಂಬರ್, ಜನವರಿಯ ಮುಂಜಾನೆ ಹೊರಗಿನ ಗಾಳಿ 15-16 ಡಿಗ್ರಿಗೆ ಇಳಿಯುತ್ತದೆ. ಆಗ ಚಿಲ್ಲರ್ ನಿಲ್ಲಿಸಿ ಹೊರಗಾಳಿಯ ಡ್ಯಾಂಪರನ್ನು ಪೂರ್ತಿ ತೆರೆದರೆ ಸಾಕು. ಇದನ್ನು ಉಷ್ಣತೆಯೊಂದರಿಂದಲೇ ತೀರ್ಮಾನಿಸಬೇಡಿ, ತೇವಾಂಶವನ್ನೂ ಸೇರಿಸಿ ಲೆಕ್ಕ ಹಾಕಿ. ಮಳೆಗಾಲದ ತಂಪು ಗಾಳಿ ನೀರನ್ನು ಹೊತ್ತು ತರುತ್ತದೆ.

ದೀಪ, ಎಸ್ಕಲೇಟರ್ ಸುಲಭದ ಕೆಲಸ. ಚೋಕ್ ಸೇರಿ 45 ವ್ಯಾಟ್ ಎಳೆಯುವ ಹಳೆಯ ಟ್ಯೂಬಿನ ಜಾಗಕ್ಕೆ 18-20 ವ್ಯಾಟ್‌ನ ಎಲ್‌ಇಡಿ. ಜನರಿಲ್ಲದಾಗ ಎಸ್ಕಲೇಟರ್ ನಿಧಾನವಾಗಲಿ.

ಯಾವ ಬದಲಾವಣೆಯಾದರೂ ಬೆಂಕಿ-ಹೊಗೆ ಸಮಯದ ಆಜ್ಞೆಗೆ ಅಡ್ಡ ಬರಬಾರದು. ಹೊಗೆಯ ಸಿಗ್ನಲ್ ಬಂದ ಕೂಡಲೇ ಹೊಗೆ ಎಳೆಯುವ ಫ್ಯಾನುಗಳು ಉಳಿತಾಯದ ಮಿತಿ ಮೀರಿ ಪೂರ್ತಿ ವೇಗಕ್ಕೆ ಏರಬೇಕು. ಪ್ರೋಗ್ರಾಂ ಬದಲಿಸಿದ ದಿನವೇ, ರೈಲು ನಿಂತ ಮೇಲೆ, ಒಂದೊಂದು ಫ್ಯಾನನ್ನೂ ನಿಜವಾಗಿ ಓಡಿಸಿ ಪರೀಕ್ಷಿಸಿ. ಅದಾದ ಮೇಲಷ್ಟೇ ಹೊಸ ಸೆಟ್ಟಿಂಗ್‌ಗೆ ಸಹಿ ಹಾಕಿ.