ನೇತ್ರಾಣಿಯಲ್ಲಿ ಸ್ಕೂಬಾ: ಮೊದಲ ಐದು ಮೀಟರ್ ಇಳಿಯುವ ಬಗೆ

ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ದ್ವೀಪವಿದೆ. ದೋಣಿಯಲ್ಲಿ ಒಂದರಿಂದ ಒಂದೂವರೆ ತಾಸಿನ ದಾರಿ. ದ್ವೀಪದ ಸುತ್ತ ಕಡಿದಾದ ಬಂಡೆ, ಅದರ ಬುಡದಲ್ಲಿ ನೀರೊಳಗೆ ದೊಡ್ಡ ದೊಡ್ಡ ಕಲ್ಲುಗುಂಡು, ಅವುಗಳ ಮೈಗೆ ಅಂಟಿ ಬೆಳೆದ ಹವಳ. ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಇಲ್ಲಿ ಸ್ಕೂಬಾ ಡೈವಿಂಗ್‌ಗೆ ಮೊದಲ ಸಲ ಇಳಿದವರು ಅರ್ಧಕ್ಕೇ ವಾಪಸ್ ಬಂದರೆ ಕಾರಣ ಹೆಚ್ಚಾಗಿ ಎರಡೇ: ಕಿವಿನೋವು, ಇಲ್ಲವೇ ಗಾಬರಿಯಿಂದ ತಪ್ಪಿದ ಉಸಿರು. ಎರಡೂ ಮೊದಲ ಐದು ಮೀಟರಿನಲ್ಲೇ ಶುರುವಾಗುತ್ತವೆ. ಅದಕ್ಕೇ ಇಲ್ಲಿ ಹೆಚ್ಚಿನ ಮಾತು ಆ ಐದು ಮೀಟರಿನ ಬಗ್ಗೆಯೇ.

ಮಳೆಗಾಲದಲ್ಲಿ ಡೈವಿಂಗ್ ಇರುವುದಿಲ್ಲ. ಅಕ್ಟೋಬರಿನಿಂದ ಮೇವರೆಗೆ ಹೋಗಬಹುದು. ಡಿಸೆಂಬರ್, ಜನವರಿಯಲ್ಲಿ ನೀರು ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಬೆಳಗಿನ ದೋಣಿಯನ್ನೇ ಹಿಡಿಯಿರಿ. ಮಧ್ಯಾಹ್ನದ ಹೊತ್ತಿಗೆ ಕಡಲಗಾಳಿ ಎದ್ದು ಅಲೆ ಜೋರಾಗುತ್ತದೆ.

ತರಬೇತಿ ಇಲ್ಲದವರನ್ನು ಗರಿಷ್ಠ 12 ಮೀಟರ್ ಆಳದವರೆಗೆ ಮಾತ್ರ, ಇನ್‌ಸ್ಟ್ರಕ್ಟರ್ ಜೊತೆಯಲ್ಲೇ ಕರೆದೊಯ್ಯುತ್ತಾರೆ. ಇದಕ್ಕೆ ಈಜು ಬರಬೇಕೆಂದಿಲ್ಲ. ಸ್ಕೂಬಾದ ಮೊದಲ ಹಂತದ ತರಬೇತಿಯಾದ ಓಪನ್ ವಾಟರ್ ಕೋರ್ಸ್ ಮುಗಿಸಿದವರಿಗೆ 18 ಮೀಟರ್ ಮಿತಿ. ಅದಕ್ಕೆ ಈಜು ಬರಲೇಬೇಕು. ಆಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ, ಕಿವಿಯ ಶಸ್ತ್ರಚಿಕಿತ್ಸೆ ಆಗಿದ್ದರೆ ವೈದ್ಯರ ಒಪ್ಪಿಗೆ ಪಡೆದೇ ಹೊರಡಿ. ಗರ್ಭಿಣಿಯರು ಇಳಿಯಲೇಬಾರದು. ಆರೋಗ್ಯದ ಫಾರ್ಮಿನಲ್ಲಿ ಸುಳ್ಳು ಬರೆದರೆ ನೀರಿನಡಿಯಲ್ಲಿ ಅದಕ್ಕೆ ಬೆಲೆ ತೆರುವವರು ನೀವೇ.

ನೆಗಡಿ ಇದ್ದರೆ ಆ ದಿನ ಬಿಟ್ಟುಬಿಡಿ. ಮೂಗು ತೆರೆಯುವ ಡ್ರಾಪ್ಸ್ ಹಾಕಿಕೊಂಡು ಇಳಿಯುವವರಿದ್ದಾರೆ. ನೀವು ನೀರಿನಡಿ ಇರುವಾಗಲೇ ಔಷಧದ ಪ್ರಭಾವ ಮುಗಿದುಹೋದರೆ ಮೇಲೆ ಬರುವಾಗ ಗಾಳಿ ಕಿವಿಯೊಳಗೇ ಸಿಕ್ಕಿಕೊಳ್ಳುತ್ತದೆ. ಆ ನೋವು ಇಳಿಯುವಾಗಿನದಕ್ಕಿಂತ ಕೆಟ್ಟದ್ದು, ಏಕೆಂದರೆ ಸಿಲಿಂಡರ್ ಖಾಲಿಯಾಗುತ್ತಿರುವಾಗ ಕೆಳಗೇ ನಿಂತಿರಲು ಆಗುವುದಿಲ್ಲ.

ದೋಣಿ ಹತ್ತುವ ಎರಡು ತಾಸು ಮೊದಲು ಎರಡು ಇಡ್ಲಿಯಷ್ಟು ಹಗುರ ತಿಂಡಿ ಸಾಕು. ಹೊಟ್ಟೆ ಖಾಲಿ ಇದ್ದರೂ ವಾಂತಿ ಬರುತ್ತದೆ, ಎಣ್ಣೆ ತಿಂಡಿ ತಿಂದರೂ ಬರುತ್ತದೆ. ಹಿಂದಿನ ರಾತ್ರಿ ಮದ್ಯ ಬೇಡ. ಹೊಟ್ಟೆ ತೊಳಸಿದರೆ ಮೊಬೈಲ್ ಒಳಗಿಟ್ಟು, ದೋಣಿಯ ಹಿಂಭಾಗದಲ್ಲಿ ಕೂತು ದಿಗಂತ ನೋಡಿ. ವಾಂತಿ ತಡೆಯುವ ಮಾತ್ರೆಗಳಲ್ಲಿ ಹಲವು ಮಂಪರು ತರುತ್ತವೆ. ಮೊದಲೇ ವೈದ್ಯರನ್ನು ಕೇಳಿ. ಡೈವ್ ದಿನವೇ ಮೊದಲ ಸಲ ನುಂಗಬೇಡಿ.

ಮಾಸ್ಕ್ ಆರಿಸುವಾಗ ಪಟ್ಟಿ ಕಟ್ಟದೆ ಮುಖಕ್ಕಿಟ್ಟು ಮೂಗಿನಿಂದ ಉಸಿರೆಳೆಯಿರಿ. ಕೈ ಬಿಟ್ಟರೂ ಮಾಸ್ಕ್ ಅಂಟಿಕೊಂಡಿದ್ದರೆ ಅದು ನಿಮ್ಮದು. ಮೀಸೆ ಇದ್ದವರಿಗೆ ಮೂಗಿನ ಕೆಳಗಿಂದ ನೀರು ಜಿನುಗುತ್ತದೆ. ಮೀಸೆಯ ಮೇಲಂಚನ್ನು ತೆಳುವಾಗಿ ಬೋಳಿಸಿದರೆ ಬಹುಮಟ್ಟಿಗೆ ನಿಲ್ಲುತ್ತದೆ. ನೀರು ಸೇರಿದರೆ ತಲೆ ಸ್ವಲ್ಪ ಮೇಲೆತ್ತಿ, ಮಾಸ್ಕಿನ ಮೇಲಂಚನ್ನು ಹಣೆಗೆ ಒತ್ತಿ, ಮೂಗಿನಿಂದ ಉಸಿರು ಬಿಡಿ. ನೀರು ಕೆಳಗಿನಿಂದ ಹೊರಬೀಳುತ್ತದೆ.

ಇಳಿಯುವ ಮುನ್ನ ರೆಗ್ಯುಲೇಟರಿನಿಂದ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ನಾಲ್ಕು ಉಸಿರೆಳೆಯುತ್ತಾ, ಸಿಲಿಂಡರಿನ ಒತ್ತಡ ತೋರಿಸುವ ಪ್ರೆಶರ್ ಗೇಜ್ ನೋಡಿ. ಮುಳ್ಳು ಅಲ್ಲಾಡದೆ ನಿಂತಿರಬೇಕು. ಪ್ರತಿ ಉಸಿರಿಗೂ ಅದು ಕುಸಿದು ಮತ್ತೆ ಏರಿದರೆ ಸಿಲಿಂಡರಿನ ವಾಲ್ವ್ ಪೂರ್ತಿ ತೆರೆದಿಲ್ಲ ಎಂದರ್ಥ. ಮೇಲೆ ಗಾಳಿ ಬಂದಂತೆಯೇ ಇರುತ್ತದೆ, ಆಳದಲ್ಲಿ ಸಾಲುವುದಿಲ್ಲ. ಗಾಳಿಗೆ ಎಣ್ಣೆ ಅಥವಾ ಹೊಗೆಯ ವಾಸನೆ ಇದ್ದರೆ ಸಿಲಿಂಡರ್ ಬದಲಿಸಲು ಹೇಳಿ, ಸಂಕೋಚ ಬೇಡ.

ಈಗ ಕಿವಿ. ಮೇಲ್ಮೈಯಲ್ಲಿ ಒತ್ತಡ 1 ಬಾರ್, 10 ಮೀಟರ್ ಕೆಳಗೆ 2 ಬಾರ್. ಅಷ್ಟರಲ್ಲಿ ನಡುಗಿವಿಯ ಗಾಳಿ ಅರ್ಧಕ್ಕೆ ಕುಗ್ಗುತ್ತದೆ, ಕಿವಿತಮಟೆ ಒಳಕ್ಕೆ ಬಾಗುತ್ತದೆ. ಮುಂದಿನ 10 ಮೀಟರಿನಲ್ಲಿ ಬದಲಾವಣೆ ಇಷ್ಟಿರುವುದಿಲ್ಲ. ಹಾಗಾಗಿ ಕೆಲಸವೆಲ್ಲ ಮೇಲುಭಾಗದಲ್ಲೇ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲನೆ ಊದಿ. ಕಿವಿಯಲ್ಲಿ ಸಣ್ಣಗೆ ‘ಟಕ್’ ಎನ್ನುತ್ತದೆ. ಉಗುಳು ನುಂಗುವುದು, ದವಡೆಯನ್ನು ಅತ್ತಿತ್ತ ಆಡಿಸುವುದು ಕೂಡ ನೆರವಾಗುತ್ತವೆ. ನೀರಿನ ಮೇಲಿರುವಾಗಲೇ ಒಂದು ಸಲ ಮಾಡಿ, ಆಮೇಲೆ ಪ್ರತಿ ಅರ್ಧ ಮೀಟರಿಗೆ ಒಂದು ಸಲ, ನೋವು ಬರುವುದಕ್ಕೆ ಮೊದಲೇ. ನೋವು ಬಂದ ಮೇಲೆ ಬಲವಾಗಿ ಊದಿ ಫಲವಿಲ್ಲ: ಗಂಟಲಿನಿಂದ ಕಿವಿಗೆ ಹೋಗುವ ಕೊಳವೆಯ ಬಾಯಿಯನ್ನು ಒತ್ತಡ ಆಗಲೇ ಮುಚ್ಚಿರುತ್ತದೆ, ಜೋರು ಮಾಡಿದರೆ ಕಿವಿಗೇ ಪೆಟ್ಟು. ಒಂದು ಮೀಟರ್ ಮೇಲಕ್ಕೆ ಬನ್ನಿ, ಮತ್ತೆ ಪ್ರಯತ್ನಿಸಿ. ಹಗ್ಗ ಹಿಡಿದು ಕಾಲು ಕೆಳಗಾಗಿ ಇಳಿದರೆ ಸುಲಭ; ತಲೆಕೆಳಗಾಗಿ ಇಳಿದರೆ ಕಿವಿ ತೆರೆಯುವುದು ಕಷ್ಟ. ಮಾಸ್ಕ್ ಮುಖಕ್ಕೆ ಹೀರಿಕೊಂಡಂತಾದರೆ ಮೂಗಿನಿಂದ ಸ್ವಲ್ಪ ಗಾಳಿ ಬಿಡಿ.

ಉಸಿರು ಮಾತ್ರ ಎಂದೂ ಹಿಡಿಯಬೇಡಿ. 10 ಮೀಟರಿನಲ್ಲಿ ತುಂಬಿಕೊಂಡ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ, ಉಸಿರು ಕಟ್ಟಿ ಮೇಲೇರಿದರೆ ಶ್ವಾಸಕೋಶ ಹರಿಯಬಹುದು. ನಾಲ್ಕು ಎಣಿಸುತ್ತ ಎಳೆದು, ಆರು ಎಣಿಸುತ್ತ ಬಿಡಿ. ಗಾಬರಿಯಲ್ಲಿ ಗಿಡ್ಡ ಗಿಡ್ಡ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಮೈಯಲ್ಲೇ ಉಳಿದು, ಗಾಳಿ ಸಾಲದು ಎಂಬ ಭಾವನೆ ಇನ್ನಷ್ಟು ಹೆಚ್ಚುತ್ತದೆ. ಅಲ್ಲೇ ನಿಂತು, ಪೂರ್ತಿ ಉಸಿರು ಹೊರಹಾಕಿ.

ಲೆಕ್ಕ ಹೀಗೆ. ಸಾಮಾನ್ಯ ಸಿಲಿಂಡರ್ 11 ಲೀಟರಿನದು, 200 ಬಾರ್ ತುಂಬಿರುತ್ತದೆ. 50 ಬಾರ್ ಉಳಿಸಿಯೇ ಮೇಲೆ ಬರಬೇಕು. ಬಳಸಲು ಸಿಗುವುದು 150 × 11, ಅಂದರೆ 1,650 ಲೀಟರ್. ಮೇಲೆ ನಿಮಿಷಕ್ಕೆ 20 ಲೀಟರ್ ಉಸಿರಾಡುವವರಿಗೆ 10 ಮೀಟರಿನಲ್ಲಿ 40 ಬೇಕು. ಸುಮಾರು 41 ನಿಮಿಷ. ಗಾಬರಿಯಲ್ಲಿ ಆ 20 ಲೀಟರ್ 35ಕ್ಕೇರಿದರೆ 10 ಮೀಟರಿನಲ್ಲಿ 70 ಬೇಕು, 23 ನಿಮಿಷಕ್ಕೇ ಮುಗಿಯಿತು.

ಕೋರ್ಸ್ ಮುಗಿಸಿದವರು ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕ ಸರಿಪಡಿಸಿಕೊಳ್ಳಲು ಸ್ವಲ್ಪ ಸಮಯ ಕೊಡಿ. ತೇಲಲು ಗಾಳಿ ತುಂಬುವ ಜಾಕೆಟ್‌ನ ಗಾಳಿ ಪೂರ್ತಿ ಬಿಟ್ಟು, ಸಾಧಾರಣ ಉಸಿರು ಹಿಡಿದು ನೀರಿನ ಮೇಲೆ ನಿಂತಾಗ ನೀರು ಕಣ್ಣಿನ ಮಟ್ಟಕ್ಕಿರಬೇಕು. (ಉಸಿರು ಹಿಡಿಯುವುದು ಈ ಪರೀಕ್ಷೆಗೆ ಮಾತ್ರ, ಮೇಲ್ಮೈಯಲ್ಲಿ ಮಾತ್ರ.) ಅಲ್ಯೂಮಿನಿಯಂ ಸಿಲಿಂಡರ್ ಡೈವ್ ಮುಗಿಯುವಾಗ ಸುಮಾರು 2 ಕಿಲೋ ಹಗುರಾಗಿ ಮೇಲಕ್ಕೆ ಎಳೆಯುತ್ತದೆ, ಅಷ್ಟನ್ನು ಮೊದಲೇ ಸೇರಿಸಿಕೊಳ್ಳಿ. ತೂಕ ಹೆಚ್ಚಾದರೆ ಕಾಲು ಜೋತುಬೀಳುತ್ತದೆ, ಕಾಲಿಗೆ ತೊಟ್ಟ ಫಿನ್ ಹವಳಕ್ಕೆ ಬಡಿಯುತ್ತದೆ. ಒಂದೇ ಒದೆತಕ್ಕೆ ಮುರಿದುಬೀಳುವ ಬೆರಳುದ್ದದ ತುಂಡು ವರ್ಷಗಟ್ಟಲೆ ಬೆಳೆದದ್ದು. ಹವಳದಿಂದ ಒಂದು ಮೀಟರ್ ದೂರ ಇರಿ, ಫೋಟೋಗಾಗಿ ಕಲ್ಲು ಹಿಡಿಯಬೇಡಿ. ಹಿಡಿದ ಕಲ್ಲೇ ಸ್ಟೋನ್‌ಫಿಶ್ ಆಗಿರಬಹುದು: ಕಲ್ಲಿನದೇ ಬಣ್ಣ, ಪಾಚಿ ಕಟ್ಟಿದಂಥ ಮೈ, ಬೆನ್ನ ಮೇಲೆ ವಿಷದ ಮುಳ್ಳು. ಚುಚ್ಚಿದರೆ ಆ ಭಾಗವನ್ನು ಸುಮಾರು 45 ಡಿಗ್ರಿಯ ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಅದ್ದಿಟ್ಟು ಆಸ್ಪತ್ರೆಗೆ ಓಡಿ. ನೀರಿನ ಬಿಸಿಯನ್ನು ಇನ್ನೊಬ್ಬರು ಕೈಯಿಟ್ಟು ನೋಡಲಿ. ನೋವಿನಲ್ಲಿ ಸುಟ್ಟದ್ದು ಗೊತ್ತಾಗುವುದಿಲ್ಲ. ಆಮೆ ಕಂಡರೆ ಅಟ್ಟಿಸಿಕೊಂಡು ಹೋಗಬೇಡಿ, ಅದಕ್ಕೂ ಉಸಿರಾಡಲು ಮೇಲೆ ಹೋಗಬೇಕು.

ನೀರೊಳಗೆ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಚೆನ್ನಾಗಿದ್ದೇನೆ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ವೃತ್ತ ತೋರಿಸಿ. ಏರುವ ವೇಗ ನಿಮಿಷಕ್ಕೆ 9 ಮೀಟರ್ ಮೀರದಿರಲಿ. 5 ಮೀಟರಿನಲ್ಲಿ 3 ನಿಮಿಷ ನಿಂತು, ಒಂದು ಕೈ ಮೇಲೆತ್ತಿ, ದೋಣಿ ಇದೆಯೇ ನೋಡುತ್ತ ಹೊರಬನ್ನಿ.

ವಾಪಸ್ಸಿನ ಬಗ್ಗೆ ಒಂದು ಮಾತು. ಒಂದು ಡೈವ್ ನಂತರ ವಿಮಾನ ಹತ್ತಲು 12 ತಾಸು, ಒಂದಕ್ಕಿಂತ ಹೆಚ್ಚು ಮಾಡಿದ್ದರೆ 18 ತಾಸು ಕಾಯಬೇಕು. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಇಳಿದು, ಆಳದಲ್ಲಿ ಮೈಗೆ ಸೇರಿದ ಸಾರಜನಕ ಗುಳ್ಳೆಗಟ್ಟಬಹುದು. ಘಟ್ಟ ಹತ್ತುವುದೂ ಇದೇ ಜಾತಿಯದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ. ಕಡಿಮೆ ಆಳದ ಒಂದೇ ಡೈವ್ ಆಗಿದ್ದರೆ ಅಪಾಯ ಕಡಿಮೆ. ಎರಡು ಡೈವ್, ಅದೂ 18 ಮೀಟರಿನವರೆಗೆ ಮಾಡಿದವರು ಅಂದೇ ಸಂಜೆ ಬಸ್ ಹತ್ತದೆ ಆ ರಾತ್ರಿ ಕರಾವಳಿಯಲ್ಲೇ ಉಳಿಯಿರಿ. ಕೀಲುನೋವು, ಜೋಮು, ವಿಪರೀತ ಸುಸ್ತು ಕಂಡರೆ ಘಟ್ಟ ಹತ್ತಬೇಡಿ. ಆಮ್ಲಜನಕ ಕೊಡಿಸಿ, ಡೈವ್ ಮಾಡಿ ಬಂದದ್ದನ್ನು ವೈದ್ಯರಿಗೆ ಮೊದಲು ಹೇಳಿ.